ಮುಂಬಯಿಯಲ್ಲಿ ಶಾಲೆ ಮಕ್ಕಳಿಗೆ ಪ್ರಾಣಿ-ಪಕ್ಷಿ ತೋರಿಸಲು ಎಲ್ಲಿಗೆ ಕರೆದುಕೊಂಡು ಹೋಗಬಹುದು?

ಐದನೇ ಕ್ಲಾಸಿನ ಮಕ್ಕಳು, ಒಂದೇ ದಿನ, ರಾಣಿಬಾಗ್ ಮೃಗಾಲಯ ಎಲ್ಲರೂ ನೋಡಿ ಆಗಿದೆ ಅಂತ ಕೇಳಿದ್ದೀರಿ. ಹಾಗಾದರೆ ನನ್ನ ಓಟು ಕಡಲ ದಡಕ್ಕೆ. ಖರ್ಚೂ ಕಡಿಮೆ.

ಹಾಜಿ ಅಲಿ ಹತ್ತಿರದ ಬಂಡೆಗಳಿಗೆ ಇಳಿತದ ಹೊತ್ತಿಗೆ ಹೋಗಿ. ನೀರು ಹಿಂದೆ ಸರಿದ ಮೇಲೆ ಬಂಡೆಯ ಗುಂಡಿಗಳಲ್ಲಿ ಏಡಿ, ಶಂಖದ ಹುಳು, ಸಣ್ಣ ಮೀನು ಕಾಣುತ್ತವೆ. ಮಕ್ಕಳಿಗೆ ಜಾಸ್ತಿ ಹಿಡಿಸುವುದು ಸನ್ಯಾಸಿ ಏಡಿ. ಸತ್ತ ಶಂಖದ ಹುಳುವಿನ ಚಿಪ್ಪಿನಲ್ಲಿ ಅದರ ವಾಸ. ಮೈ ಬೆಳೆದರೆ ದೊಡ್ಡ ಚಿಪ್ಪು ಹುಡುಕುತ್ತದೆ. ಮುಂಬಯಿಯ ಬಾಡಿಗೆ ಮನೆ ಕಷ್ಟ ಅದಕ್ಕೂ ಇದೆ ಅನ್ನಿ!

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಇನ್ನೂ ದೂರ ಸರಿಯುತ್ತದೆ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಮೊದಲು ಭರತ-ಇಳಿತದ ಪಟ್ಟಿ ನೋಡಿ, ಆಮೇಲೆ ಬಸ್ಸು ಗೊತ್ತು ಮಾಡಿ. ನೀರು ಏರುವ ಮೊದಲೇ ಮಕ್ಕಳನ್ನು ಮೇಲೆ ಹತ್ತಿಸಿ. ಪಾಚಿ ಜಾರುತ್ತದೆ, ಚಪ್ಪಲಿ ಬೇಡ, ಶೂ ಇರಲಿ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಗುಲಾಬಿ ಬಣ್ಣದ ಫ್ಲೆಮಿಂಗೊ ಹಕ್ಕಿ ನೋಡಬೇಕಾದರೆ ನವಿ ಮುಂಬಯಿಯ ಐರೋಲಿಯಿಂದ ಠಾಣೆ ಖಾಡಿಯಲ್ಲಿ (ಒಳನಾಡಿಗೆ ಚಾಚಿದ ಕಡಲ ನೀರು) ದೋಣಿ ಹೋಗುತ್ತದೆ. ಇದಕ್ಕೆ ಉಲ್ಟಾ, ಭರತ ಬೇಕು. ಚಳಿಗಾಲದಿಂದ ಮೇ ತನಕ ಸರಿಯಾದ ಕಾಲ. ಆ ಗುಲಾಬಿ ಬಣ್ಣ ಹುಟ್ಟಿನಿಂದ ಬಂದದ್ದಲ್ಲ, ತಿನ್ನುವ ಪಾಚಿ, ಸಿಗಡಿಯಂಥ ಜೀವಿಗಳಿಂದ ಬರುವುದು. ಮರಿಗಳು ಬೂದು ಬಣ್ಣ. ಈ ಖಾಡಿಗೆ 2022ರಲ್ಲಿ ರಾಮ್ಸಾರ್ ಮಾನ್ಯತೆಯೂ, ಅಂದರೆ ಮಹತ್ವದ ಜೌಗು ಪ್ರದೇಶ ಎಂಬ ಅಂತರರಾಷ್ಟ್ರೀಯ ಮಾನ್ಯತೆಯೂ, ಸಿಕ್ಕಿದೆ.

ಬೊರಿವಲಿಯ ನ್ಯಾಷನಲ್ ಪಾರ್ಕ್ ಚೆನ್ನಾಗಿದೆ. ಆದರೆ ಕಾಡಲ್ಲಿ ಚಿರತೆ ಕಾಣುತ್ತದೆ ಅಂತ ಸುಮ್ನೆ ಆಸೆ ಹುಟ್ಟಿಸಬೇಡಿ. ಅಲ್ಲಿ ಚಿಟ್ಟೆ, ಜೇಡ, ಹೆಜ್ಜೆಗುರುತು ಹುಡುಕಿಸಿ.