ಗಾಜು ಬಣ್ಣಕ್ಕೆ ತಾಗದಂತೆ ಫ್ರೇಮ್ ಹಾಕಿಸಿ

ಪಿಂಕ್ ಫ್ಲಾಯ್ಡ್ ರಾಕ್ ತಂಡದ 1973ರ ಆಲ್ಬಂ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ನ ಪ್ರಿಸಂ ಕವರ್ ಪ್ರಿಂಟ್ ತಗೊಂಡಿದ್ದೀರಿ. ಮೇಲೆ ನಿಜವಾಗಿಯೂ ಕೈಯಿಂದ ಬಣ್ಣ ಹಚ್ಚಿದ್ದಾರಾ, ಧಾರವಾಡದ ಮಳೆಗಾಲಕ್ಕೆ ಫ್ರೇಮ್ ಹೇಗಿರಬೇಕು ಅಂತ ಕೇಳಿದ್ದೀರಿ. ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ, ಹಾಳೆಯ ಮಟ್ಟಕ್ಕೇ ಹಿಡಿದು ನೋಡಿ. ಬ್ರಷ್‌ನಿಂದ ಹಚ್ಚಿದ ಅಕ್ರಿಲಿಕ್ ಬಣ್ಣ ಉಬ್ಬಿರುತ್ತದೆ, ಅದರ ಅಂಚಿಗೆ ಸಣ್ಣ ನೆರಳು ಬೀಳುತ್ತದೆ. ಬರೀ ಪ್ರಿಂಟ್ ಆದರೆ ಬ್ರಷ್ ಗೆರೆ ಕಂಡರೂ ಮೇಲ್ಮೈ ಸಪಾಟಾಗಿರುತ್ತದೆ. ಕಾಮನಬಿಲ್ಲಿನ ಪಟ್ಟಿಯಲ್ಲಿ ಆರೇ ಬಣ್ಣ ಇದ್ದರೆ ಗಾಬರಿ ಬೇಡ. ಕಲಾವಿದ ಜಾರ್ಜ್ ಹಾರ್ಡಿ ಬಿಡಿಸಿದ ಮೂಲ ಕವರ್‌ನಲ್ಲೂ ಆರೇ!

ಇನ್ನು ಫ್ರೇಮ್. ಗಾಜು ಬಣ್ಣಕ್ಕೆ ತಾಗಲೇಬಾರದು. ತೇವಕ್ಕೆ ಅಂಟಿಕೊಂಡರೆ ಬಿಡಿಸುವಾಗ ಬಣ್ಣವೇ ಕಿತ್ತು ಬರುತ್ತದೆ, ನೋಡೋಕೆ ಸಂಕಟವಾಗುತ್ತದೆ. ನಡುವೆ ದಪ್ಪ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರಿಸುವ ರಟ್ಟಿನ ಅಂಚು) ಕೊಡಿಸಿ, ಸ್ವಲ್ಪ ಖರ್ಚು ಜಾಸ್ತಿ ಆದರೂ ಪರವಾಗಿಲ್ಲ. ಮಳೆ ಹೊಡೆಯುವ ಹೊರಗೋಡೆಗೆ ಮಾತ್ರ ತೂಗುಹಾಕಬೇಡಿ.