ಮನೆ ಕರದ ರಸೀದಿಯಲ್ಲಿ ಗ್ರಂಥಾಲಯ ಹೇಗೆ ಬಂತು?

ಪ್ರಶ್ನೆ: ಮನೆ ಕರ ಕಟ್ಟಿದ ರಸೀದಿಯಲ್ಲಿ ‘ಗ್ರಂಥಾಲಯ ಕರ’ ಅಂತ ಬೇರೆ ಸಾಲೊಂದಿತ್ತು. ನಮ್ಮ ಮನೆಯಲ್ಲಿ ಗ್ರಂಥಾಲಯದ ಮೆಟ್ಟಿಲು ಹತ್ತಿದವರು ಅಜ್ಜ ಒಬ್ಬರೇ. ಅವರು, ‘ನಮ್ಮ ಕಾಲದಲ್ಲಿ ವಾಚನಾಲಯಕ್ಕೆ ಮುಂಬೈ ಸರಕಾರ ದುಡ್ಡು ಕೊಡ್ತಿತ್ತು’ ಅಂತಾರೆ. ಅದು ನಿಜವಾ? ಹಾಗಿದ್ರೆ ಈಗ ನಾವ್ಯಾಕೆ ಕೊಡಬೇಕು?
– ಓದುಗರೊಬ್ಬರು, ಬೈಲಹೊಂಗಲ

ಉತ್ತರ: ಅಜ್ಜನ ಮಾತು ನಿಜ. 1956ರವರೆಗೆ ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ ನಾಲ್ಕೂ ಜಿಲ್ಲೆ ಮುಂಬೈ ರಾಜ್ಯಕ್ಕೆ ಸೇರಿದ್ದವಲ್ವಾ? ಬಾಗಲಕೋಟೆ ಆಗ ವಿಜಯಪುರ ಜಿಲ್ಲೆಯೊಳಗೇ ಇತ್ತು.

ಆದರೆ ಶುರು ಮಾಡಿದ್ದು ಸರಕಾರವಲ್ಲ. ಬೆಳಗಾವಿಯ ಸಾರ್ವಜನಿಕ ವಾಚನಾಲಯ 1848ರದ್ದು. ಊರ ಜನ ವರ್ಗಣಿ ಹಾಕಿ ನಡೆಸುತ್ತಿದ್ದ ಇಂಥ ವಾಚನಾಲಯಗಳೇ ಈ ಭಾಗದಲ್ಲಿ ಮೊದಲು ಬಂದವು. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನ ಎಲ್ಲರಿಗೂ ಗೊತ್ತು, ಅದಕ್ಕೆಂದೇ ತೋಡಿದ ಕಾಂಗ್ರೆಸ್ ಬಾವಿಯೂ ಗೊತ್ತು, ಆದರೆ ಅದೇ ಹೊತ್ತಿಗೆ ಇದೇ ಊರಲ್ಲಿ ಅಖಿಲ ಭಾರತ ಗ್ರಂಥಾಲಯ ಸಮ್ಮೇಳನವೂ ನಡೆಯಿತು, ಅದಕ್ಕೆ ದೇಶಬಂಧು ಚಿತ್ತರಂಜನ್ ದಾಸ್ ಅಧ್ಯಕ್ಷರಾಗಿದ್ದರು ಅಂದರೆ ಬೆಳಗಾವಿಯವರೇ ‘ಹೌದಾ?’ ಅಂತ ಕೇಳುತ್ತಾರೆ!

ಮುಂಬೈ ಸರಕಾರ ಕೈ ಹಾಕಿದ್ದು ಆಮೇಲೆ. 1939ರಲ್ಲಿ ಕಾನೂನು ಪಂಡಿತ ಎ.ಎ.ಎ. ಫೈಜಿ ಅವರ ಸಮಿತಿ ನೇಮಿಸಿತು. ಆ ಸಮಿತಿ ಮುಂಬೈಗೆ ಒಂದು ಕೇಂದ್ರ ಗ್ರಂಥಾಲಯ, ಕೆಳಗೆ ಭಾಷಾ ಪ್ರಾಂತ್ಯಕ್ಕೊಂದು, ಆಮೇಲೆ ಜಿಲ್ಲೆ, ತಾಲ್ಲೂಕು, ಹಳ್ಳಿ ಅಂತ ಏಣಿ ಹಾಕಿಕೊಟ್ಟಿತು. ಕನ್ನಡ ಭಾಗದ ಪ್ರಾದೇಶಿಕ ಗ್ರಂಥಾಲಯ ಧಾರವಾಡಕ್ಕೆ ಬಂತು. ಜಾಣತನ ಇದ್ದದ್ದು ಮುಂದಿನ ಹೆಜ್ಜೆಯಲ್ಲಿ. ಎಲ್ಲ ಕಡೆ ಹೊಸ ಕಟ್ಟಡ ಕಟ್ಟುವ ಬದಲು, ಜನ ನಡೆಸುತ್ತಿದ್ದ ವಾಚನಾಲಯಕ್ಕೇ ಮಾನ್ಯತೆ ಕೊಟ್ಟು ಅನುದಾನ ಕೊಟ್ಟರು. ಅಜ್ಜ ನೆನೆಯುವುದು ಈ ದುಡ್ಡನ್ನೇ.

ಅನುದಾನಕ್ಕೆ ಒಂದೇ ತೊಂದರೆ. ಸರಕಾರದ ಕೈ ಬಿಗಿಯಾದ ವರ್ಷ ವಾಚನಾಲಯದ ಕೈಯೂ ಬಿಗಿ. ಏಕೀಕರಣ ಆದಮೇಲೆ ಮೈಸೂರು ರಾಜ್ಯ ಬೇರೆ ದಾರಿ ಹಿಡಿಯಿತು. ಗ್ರಂಥಾಲಯ ವಿಜ್ಞಾನದ ಪಂಡಿತ ಎಸ್.ಆರ್. ರಂಗನಾಥನ್ ಅವರ ಸಲಹೆಯಿಂದ ರೂಪುಗೊಂಡ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ, ಗ್ರಂಥಾಲಯಕ್ಕೆ ಅಂತಲೇ ಕರ ಹಾಕಿತು. ಸಾರ್ವಜನಿಕ ಗ್ರಂಥಾಲಯ ಇಲಾಖೆ ಶುರುವಾದದ್ದು 1966ರ ನವೆಂಬರ್ 1ರಂದು. ಈಗ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ, ಅಂದರೆ 1,000 ರೂಪಾಯಿ ತೆರಿಗೆಗೆ 60 ರೂಪಾಯಿ. ವಸೂಲಿ ಮಾಡುವುದು ಪುರಸಭೆ, ನಗರಸಭೆಯವರು. ಅದು ಸಾರ್ವಜನಿಕ ಗ್ರಂಥಾಲಯಗಳನ್ನು ನಡೆಸುವ ಗ್ರಂಥಾಲಯ ಪ್ರಾಧಿಕಾರಕ್ಕೆ ಹೋಗಬೇಕು. ಸಮಯಕ್ಕೆ ಸರಿಯಾಗಿ ಹೋಗುತ್ತಾ? ಈ ತಕರಾರು ರಾಜ್ಯದಲ್ಲಿ ಬಹಳ ಹಳೆಯದು. ನೀವು ರಸೀದಿ ನೋಡಿ ಸಿಟ್ಟಾಗುವುದಾದರೆ ಈ ಜಾಗದಲ್ಲಿ ಸಿಟ್ಟಾಗಿ, 60 ರೂಪಾಯಿಗಲ್ಲ.

ಇನ್ನು ಹಳ್ಳಿಯ ಕಡೆ ಒಂದು ಬದಲಾವಣೆ ಆಗಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಈ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತಿರುತ್ತದೆ. ಹೆಸರು ನೋಡಿ ಬೇರೆ ಏನೋ ಇರಬೇಕು ಅಂತ ಸುಮ್ನೆ ವಾಪಸ್ ಬರಬೇಡಿ. ಒಳಗೆ ಕೂತು ಪೇಪರ್ ಓದುವುದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ.