ಮಾಣಿಗೆ ಬೋರಾಗಲಿ ಬಿಡಿ

ಓದುಗರ ಪತ್ರ: ಮಳೆ ಹಿಡಿದರೆ ನಮ್ಮೂರಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. 11 ವರ್ಷದ ಮಗ ‘ಆಯಿ, ಬೋರು’ ಎಂದು ಜಗಲಿ ತುಂಬ ಹೊರಳಾಡುತ್ತಾನೆ. ಚಿತ್ರ ಬಿಡಿಸು ಅಂದರೆ ಬೇಡ, ಚೆಸ್ ಬೇಡ. ಏನು ಮಾಡಿಸಲಿ?
– ಶಿರಸಿ ಕಡೆಯ ಓದುಗರು

ಸಂಪಾದಕರ ಉತ್ತರ:

ಏನೂ ಮಾಡಿಸಬೇಡಿ ಅಕ್ಕಾ. ಹೊರಳಾಡಲಿ. ಜಗಲಿ ಸವೆಯುವುದಿಲ್ಲ.

ಹೇಳುವುದು ಸುಲಭ, ಗೊತ್ತು. ಬೇಜಾರಿನ ಮೊದಲ ಅರ್ಧ ಗಂಟೆ ನಿಜವಾಗಿಯೂ ಹಿಂಸೆ. ದೊಡ್ಡವರಿಗೂ ಅಷ್ಟೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಟಿಮೊತಿ ವಿಲ್ಸನ್ ಮತ್ತು ಜೊತೆಗಾರರು 2014ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಬ್ಬೊಬ್ಬರನ್ನೇ ಕೋಣೆಯಲ್ಲಿ 15 ನಿಮಿಷ ಸುಮ್ನೆ ಕೂರಿಸಿದರು. ಫೋನಿಲ್ಲ, ಪುಸ್ತಕವಿಲ್ಲ. ಇದ್ದದ್ದು ಒಂದು ಗುಂಡಿ, ಒತ್ತಿದರೆ ಶಾಕ್. ಈ ಶಾಕ್ ತಪ್ಪುವುದಾದರೆ ದುಡ್ಡು ಬೇಕಾದರೂ ಕೊಡುತ್ತೇವೆ ಎಂದು ಮೊದಲೇ ಹೇಳಿದ್ದವರು ಅವರು. ಆದರೂ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ತಾವಾಗಿಯೇ ಒತ್ತಿಕೊಂಡರು. (ಇದನ್ನು ಓದಿ ನಮ್ಮ ಮನೆಯವಳು ಗಂಡಸರ ಬಗ್ಗೆ ಹೇಳಿದ್ದನ್ನು ಇಲ್ಲಿ ಅಚ್ಚು ಹಾಕುವುದಿಲ್ಲ.) ನಿಮ್ಮ ಮಾಣಿ ಬರೀ ಹೊರಳಾಡುತ್ತಿದ್ದಾನೆ, ವಾಸಿ ಅಲ್ವಾ?

ಹೋದ ಮಳೆಗಾಲ ಕುಮಟೆಯಿಂದ ಶಿರಸಿಗೆ ಬರುವಾಗ ದೇವಿಮನೆ ಘಟ್ಟದಲ್ಲಿ ನಮ್ಮ ಬಸ್ಸು ಕೆಟ್ಟು ನಿಂತಿತು. ನೆಟ್‌ವರ್ಕ್ ಇಲ್ಲವೆಂದು ಗೊತ್ತಿದ್ದೂ ಹತ್ತು ಸಲ ಫೋನ್ ತೆಗೆದೆ. ಕಂಡಕ್ಟರ್ ಹತ್ತಿರ ಒಂದೇ ಪ್ರಶ್ನೆ ಮೂರು ಸಲ ಕೇಳಿ ಬೈಸಿಕೊಂಡೆ. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಕಿಟಕಿ ಗಾಜಿನ ಮೇಲೆ ಮಳೆಹನಿ ಕೂತಿತ್ತು. ಇನ್ನೊಂದು ಹನಿ ಬಂದು ಸೇರುವ ತನಕ ಅಲ್ಲಾಡುವುದಿಲ್ಲ, ಸೇರಿದ ಕೂಡಲೇ ಜರ್ರನೆ ಇಳಿಯುತ್ತದೆ. ಅದನ್ನೇ ನೋಡುತ್ತ ಕೂತವನಿಗೆ ಅಡಿಕೆ ಸುಲಿಯುವ ರಾತ್ರಿಗಳು ನೆನಪಾದವು. ಮೆಟ್ಟುಗತ್ತಿ ಮುಂದೆ ಅಜ್ಜಿ. ಕೈಗೆ ಅಡಿಕೆ, ಬಾಯಿಗೆ ಕವಳ, ಕಣ್ಣು ಮಾತ್ರ ಎಲ್ಲೋ. ‘ಎಂತ ಯೋಚನೆ ಅಮ್ಮಮ್ಮಾ?’ ಅಂದರೆ ‘ಎಂತದೂ ಇಲ್ಲೆ’ ಅನ್ನುತ್ತಿದ್ದಳು. ಮಗಳ ಮದುವೆ, ತೋಟದ ಸಾಲ ಎಲ್ಲ ಆ ‘ಎಂತದೂ ಇಲ್ಲೆ’ಯಲ್ಲೇ ತೀರ್ಮಾನವಾಗುತ್ತಿತ್ತೋ ಏನೋ ಎಂದು ಬಸ್ಸಿನಲ್ಲಿ ಕೂತು ಮೊದಲ ಸಲ ಅನ್ನಿಸಿತು.

ಬೋರಾದರೆ ಮಗ ಕವಿಯಾಗುತ್ತಾನೆ ಅಂತೇನಲ್ಲ. 1880ರ ದಶಕದಲ್ಲಿ ಕಾರವಾರದಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದ ತರುಣ ರವೀಂದ್ರನಾಥ ಟಾಗೋರರು ಇಲ್ಲೇ ಒಂದು ನಾಟಕ ಬರೆದರು, ನಿಜ. ಅದೇ ಕಡಲನ್ನು ನಾವೂ ದಿನಾ ನೋಡುತ್ತೇವೆ, ನಾಟಕವೇನೂ ಹುಟ್ಟಿಲ್ಲ. ಆದರೆ ಖಾಲಿ ಹೊತ್ತಿನಲ್ಲಿ ಮನಸ್ಸು ತನ್ನಷ್ಟಕ್ಕೆ ಹೊರಡುತ್ತದೆ, ಹಳೆಯದಕ್ಕೆ ಹೊಸದನ್ನು ಅಂಟಿಸುತ್ತದೆ. ಫೋನಿನ ಜಾಗಕ್ಕೆ ಚೆಸ್ ತಂದಿಟ್ಟರೆ ಆ ಹೊತ್ತೂ ತುಂಬಿಹೋಯಿತು.

ತೀರಾ ಕಿರಿಕಿರಿಯಾದರೆ ಒಂದು ಬುಟ್ಟಿ ಹಲಸಿನ ಬೇಳೆ ಸಿಪ್ಪೆ ತೆಗೆಯಲು ಕೊಡಿ. ಬೇಗ ಮುಗಿಸು ಅನ್ನಬೇಡಿ. ಏನು ಯೋಚನೆ ಮಾಡ್ತಿದ್ದೀಯಾ ಅಂತಲೂ ಕೇಳಬೇಡಿ.

ಹಾಂ, ನಮ್ಮ ಬಸ್ಸು ಒಂದೂವರೆ ಗಂಟೆ ಬಿಟ್ಟು ಹೊರಟಿತು. ಘಟ್ಟ ಹತ್ತಿದ್ದೇ ತಡ ಎಲ್ಲರ ಕಿಸೆಯಲ್ಲೂ ಟಿಂಗ್ ಟಿಂಗ್. ನಾನೂ ಫೋನ್ ತೆಗೆದೆ. ಶಿರಸಿ ಬಂದದ್ದು ಕಂಡಕ್ಟರ್ ಕೂಗಿದಾಗಲೇ ಗೊತ್ತಾದದ್ದು.